ಕರೆಂಟ್ ಹೋದರೆ ಸಾಯುವ ಸವತಿ

"ಮೇಡಂ, ನಿಲ್ಲಿಸಿ!"

ಹೆಡ್‌ಫೋನಿನಲ್ಲಿ ಆ ಗಂಡು ದನಿ ಸಿಡಿದಾಗ ಅವಳು ಬೆಚ್ಚಿಬಿದ್ದಳು. ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಆ ಸ್ಟುಡಿಯೋದಲ್ಲಿ ಅದು ಅವಳ ಮೊದಲ ದಿನ. ಓದಿದ್ದು ಇನ್ನೂ ಅರ್ಧ ಪುಟ. ಗಾಜಿನ ಆಚೆ ಕುಳಿತಿದ್ದ ಕುರುಚಲು ಗಡ್ಡದವನು ಅವಳನ್ನೇ ದಿಟ್ಟಿಸುತ್ತಿದ್ದ.

"ಯಾಕೆ? ಏನು ತಪ್ಪಾಯ್ತು?"

"ಓದಿದ್ದು ಸರಿಯಾಗೇ ಇದೆ. ಆದ್ರೆ ನಿಮ್ಮ ಹೊಟ್ಟೆ ಮಾತಾಡ್ತಿದೆ. ನಾಯಕಿ ಅಳೋವಾಗ ಹಿಂದೆ ಗುರ್ ಅಂತ ಕೇಳಿಸ್ತಿದೆ. ಏನಾದ್ರೂ ತಿಂದು ಬನ್ನಿ."

ಅವಳ ಮುಖ ಕೆಂಪಗಾಯಿತು. 'ಹೆಣ್ಣುಮಗಳ ಹತ್ತಿರ ಹೀಗಾ ಹೇಳೋದು? ಎಂಥ ಒರಟ!' ಎಂದು ಬೈದುಕೊಳ್ಳುತ್ತ ಕೈತೊಳೆಯಲು ಹೋದಳು. ಹಿಂತಿರುಗಿ ಬಂದರೆ ಅವಳ ಕುರ್ಚಿಯ ಮೇಲೆ ಬಾಳೆಹಣ್ಣು! ಇಟ್ಟವನು ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಂಪ್ಯೂಟರಿನಲ್ಲಿ ಮುಖ ಹುದುಗಿಸಿದ್ದ.

ಅವಳು ಅವನಿಗೆ 'ಕತ್ತರಿ' ಎಂದು ಹೆಸರಿಟ್ಟಳು. ಅವಳ ತಪ್ಪು, ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಎಲ್ಲವನ್ನೂ ಕತ್ತರಿಸಿ ಓದನ್ನು ನಯಗೊಳಿಸುವುದೇ ಅವನ ಕೆಲಸ.

ವರ್ಷಗಳು ಕಳೆದವು. ಅವಳು ಓದಿದಳು, ಅವನು ಕತ್ತರಿಸಿದ. ಇಬ್ಬರ ನಡುವೆ ಗಾಜು ಹಾಗೇ ಉಳಿಯಿತು.

ಹೀಗಿರುವಾಗ ಅವಳಿಗೆ ಅವನ ಬ್ಲಾಗ್ ಸಿಕ್ಕಿತು.

ನಾಲ್ಕು ಮಾತಾಡಲು ನಾಲಿಗೆ ನೋಯಿಸಿಕೊಳ್ಳುವ ಮನುಷ್ಯ ಅಲ್ಲಿ ಪುಟಗಟ್ಟಲೆ ಬರೆದಿದ್ದ! ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ತೇಲಿಬಂದ ಕೊಳಲು. ಹಳೆಯ ಪುಸ್ತಕದಲ್ಲಿ ಅಪರಿಚಿತರು ಎಳೆದ ಪೆನ್ಸಿಲ್ ಗೆರೆ. ಒಂದು ಕಿವಿ ಕೆಟ್ಟ ಇಯರ್‌ಫೋನನ್ನು ಎಸೆಯಲಾರದ ಸಂಕಟ... ಒಮ್ಮೆ ಹೀಗೆ ಬರೆದಿದ್ದ: 'ಕೆಲವರು ಓದಿದ್ದನ್ನು ಕೇಳಿದ ಮೇಲೆ ಆ ಪುಸ್ತಕವನ್ನು ಕಣ್ಣಿನಿಂದ ಓದಲು ಮನಸ್ಸೇ ಬರುವುದಿಲ್ಲ.'

'ಅದು ನಾನೇನಾ...?' ಆ ಇಡೀ ದಿನ ಅವಳ ಕಾಲು ನೆಲ ಮುಟ್ಟಲಿಲ್ಲ.

ಆಮೇಲೆ ಬಂದಳು ಇನ್ನೊಬ್ಬಳು. ಬ್ಲಾಗಿನ ತಲೆಯ ಮೇಲೆ 'ಕೇಳಿ' ಎಂಬ ಹೊಸ ಗುಂಡಿ. ಒತ್ತಿದರೆ ಒಂದು ಹೆಣ್ಣು ದನಿ ಅವನ ಬರಹವನ್ನು ಓದುತ್ತಿತ್ತು. ಯಂತ್ರದ ಹೆಣ್ಣು. ಉಸಿರಿಲ್ಲ, ಏರಿಳಿತವಿಲ್ಲ, ರೈಲು ಬಂತೆಂದು ಸಾರುವ ಹಾಗೆ ಅವನ ಕೊಳಲಿನ ಕತೆ ಹೇಳುತ್ತಿದ್ದಳು. ಸಾಲದ್ದಕ್ಕೆ ಅವನೇ ಬರೆದಿದ್ದ: 'ಇವಳ ಜೊತೆ ಕೆಲಸ ಎಷ್ಟು ಸುಲಭ! ಮುನಿಸಿಲ್ಲ, ಕೆಮ್ಮಿಲ್ಲ.'

ಅವಳ ಎದೆಗೆ ಯಾರೋ ಕೆಂಡ ಸುರಿದಂತಾಯಿತು.

'ನಾನಿರಲಿಲ್ವಾ? ಊರಿನವರ ಪುಸ್ತಕ ಎಲ್ಲ ಓದೋಳು, ಕೇಳಿದ್ರೆ ಇವನದ್ದನ್ನ ಓದ್ತಿರಲಿಲ್ವಾ?'

"ಏನೇ ಅದು, ಮೊಬೈಲಿಗೆ ಹಲ್ಲು ಕಡೀತಿದೀಯ?" ಎಂದಳು ಅಕ್ಕ, ಒಗೆದ ಬಟ್ಟೆ ಮಡಿಸುತ್ತ. ತಂಗಿಯ ಗುಟ್ಟೆಲ್ಲ ಅವಳಿಗೆ ಗೊತ್ತು.

"ಕೇಳು ಅಕ್ಕ, ಇದೂ ಒಂದು ಓದಾ? ನಿಲ್ಲಿಸಬೇಕಾದಲ್ಲಿ ನಿಲ್ಲಿಸಲ್ಲ. ನಗೋ ಜಾಗಾನೂ ಗೊತ್ತಿಲ್ಲ, ಮೂದೇವಿಗೆ!"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನನ್ನ ಚಿನ್ನ! ಸವತಿ ಮತ್ಸರ ಕೇಳಿದ್ದೆ. ಕರೆಂಟ್ ಹೋದ್ರೆ ಸಾಯೋ ಸವತಿ ಮೇಲೂ ಇಷ್ಟು ಉರೀನಾ? ಹೋಗಿ ನಿನ್ನ ಕತ್ತರಿರಾಯನನ್ನೇ ಕೇಳಬಾರದಾ?"

"ನಾನ್ಯಾಕೆ ಕೇಳಲಿ? ಬೇಕಾಗಿದ್ದರೆ ಅವನೇ ಕೇಳ್ತಿದ್ದ."

"ಹಾಗಾದ್ರೆ ಉರೀತಾ ಇರು. ಒಲೆ ಖರ್ಚಾದ್ರೂ ಉಳೀತದೆ."

ಹೊಸ ಬರಹ ಬಂದಾಗಲೆಲ್ಲ ಅವಳು ತಪ್ಪದೆ ಆ ಗುಂಡಿ ಒತ್ತುತ್ತಿದ್ದಳು. ಓದುತ್ತಿರಲಿಲ್ಲ, ಕೇಳುತ್ತಿದ್ದಳು. ಕಣ್ಣು ಮುಚ್ಚಿ, ಹುಳುಕು ಹುಡುಕುತ್ತ. ಇಲ್ಲಿ ಉಸಿರು ತಪ್ಪು... ಇಲ್ಲಿ ಒತ್ತು ತಪ್ಪು... ಎಷ್ಟು ತಪ್ಪು ಸಿಕ್ಕಿದರೂ ಹೊಟ್ಟೆಯ ಕಿಚ್ಚು ಆರಲಿಲ್ಲ. ತಪ್ಪು ಓದುವವಳೇ ಅವನಿಗೆ ಇಷ್ಟವಾದಳಲ್ಲ!

ಕೊನೆಗೊಂದು ದಿನ ಕೈಯಲ್ಲಿದ್ದ ಕಾದಂಬರಿಯ ಕೊನೆಯ ಸಾಲು ಓದಿ, ಹೆಡ್‌ಫೋನ್ ತೆಗೆಯದೆ ಕುಳಿತಲ್ಲೇ ಹೇಳಿದಳು.

"ಮುಂದಿನ ಪುಸ್ತಕಕ್ಕೆ ನಾನು ಬರಲ್ಲ. ಬೇರೆ ಸ್ಟುಡಿಯೋದವರು ಕರೀತಿದಾರೆ."

ಗಾಜಿನ ಆಚೆ ಅವನ ಕೈ ನಿಂತುಹೋಯಿತು. "ಯಾಕೆ ಮೇಡಂ?"

"ನಿಮಗೇನು ಕಷ್ಟ? ಮುನಿಸಿಲ್ಲದವಳು, ಕೆಮ್ಮಿಲ್ಲದವಳು ಇದಾಳಲ್ಲ. ಅವಳ ಕೈಲೇ ಓದಿಸಿ."

"ನೀವು... ನನ್ನ ಬ್ಲಾಗ್ ಓದ್ತೀರಾ?"

"ಕೇಳ್ತೀನಿ! ನಿಮ್ಮ ಬರಹವನ್ನ ಅವಳು ಹೇಗೆ ಹಾಳು ಮಾಡ್ತಾಳೆ ಅಂತ ಕೇಳ್ತೀನಿ. ಓದು ಅಂದ್ರೆ ಏನು ಅಂತ ಇವತ್ತು ತೋರಿಸ್ತೀನಿ, ತಾಳಿ."

"ಮೇಡಂ, ಬೇಡ... ಒಳಗೆ ಮೊಬೈಲ್ ತೆಗೆಯೋ ಹಾಗಿಲ್ಲ..."

ಅವಳು ಆಗಲೇ ತೆಗೆದಾಗಿತ್ತು. ಹಿಂದಿನ ದಿನವಷ್ಟೇ ಬಂದ ಬರಹ. ಅದರಲ್ಲಿ ಸವತಿಯ ಹತ್ತಾರು ತಪ್ಪು ಹಿಡಿದಿದ್ದಳು. ಗಂಟಲು ಸರಿಮಾಡಿಕೊಂಡು, ಪಂದ್ಯಕ್ಕಿಳಿದವಳ ಗತ್ತಿನಲ್ಲಿ ಶುರುಮಾಡಿದಳು.

"'ನಾನು ಕೆಲಸ ಮಾಡುವ ಕೋಣೆಯಲ್ಲಿ ಒಂದು ಗಾಜಿದೆ. ಆ ಕಡೆ ಒಬ್ಬರು ಕೂರುತ್ತಾರೆ. ಅವರ ದನಿಯಲ್ಲಿ ಸುಸ್ತು ಯಾವುದು, ಮುನಿಸು ಯಾವುದು, ಬಾರದ ನಗುವನ್ನು ಬರಿಸಿಕೊಂಡದ್ದು ಯಾವುದು, ಎಲ್ಲ ನನಗೆ ತಿಳಿಯುತ್ತದೆ...'"

ಗತ್ತು ಅಲ್ಲಿಗೇ ಸಡಿಲವಾಯಿತು. ಇದನ್ನು ನಿನ್ನೆ ಕೇಳಿದ್ದಳಲ್ಲ! ಎರಡು ಸಲ ಕೇಳಿದ್ದಳು. ಆದರೆ ಕೇಳಿದ್ದು ಬರೀ ಆ ಯಂತ್ರದ ತಪ್ಪುಗಳನ್ನು. ಮಾತು ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು.

ಓದು ಮುಂದುವರಿಯಿತು, ಆದರೆ ದನಿ ಸಣ್ಣದಾಗಿತ್ತು.

"'ಅದೇ ನನ್ನ ಕಷ್ಟ. ನನ್ನ ಬರಹವನ್ನು ಓದಿಕೊಡಿ ಎಂದರೆ ಅವರು ಇಲ್ಲ ಎನ್ನಲಾರರು. ಆದರೆ ಬರೀ ದಾಕ್ಷಿಣ್ಯಕ್ಕೆ ಓದಿದರೆ ಮೊದಲ ಸಾಲಿನಲ್ಲೇ ನನಗದು ಗೊತ್ತಾಗಿಬಿಡುತ್ತದೆ. ಆಮೇಲೆ ಆಸೆ ಇಟ್ಟುಕೊಳ್ಳಲು ಏನೂ ಉಳಿಯುವುದಿಲ್ಲ. ಅದಕ್ಕೇ ಏನೂ ಅನ್ನಿಸದ ಒಂದು ದನಿಗೆ... ಒಂದು ದನಿಗೆ ಒಪ್ಪಿಸಿ...'"

ಮುಂದೆ ಓದಲಾಗಲಿಲ್ಲ. ಅಕ್ಷರಗಳು ಕಣ್ಣೀರಲ್ಲಿ ಕಲಸಿಹೋದವು.

ಬಾಗಿಲು ತೆರೆಯಿತು. ಆ ಬಾಳೆಹಣ್ಣಿನ ದಿನವೊಂದನ್ನು ಬಿಟ್ಟರೆ, ಇಷ್ಟು ವರ್ಷಗಳಲ್ಲಿ ಅವನು ಮೈಕು ಸರಿಮಾಡುವುದಕ್ಕಲ್ಲದೆ ಬೇರೆ ಯಾವ ನೆಪಕ್ಕೂ ಒಳಗೆ ಬಂದವನಲ್ಲ. ಈಗ ಬಂದು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ.

"ಪಕ್ಕದಲ್ಲೇ ಕೂತ್ಕೊಂಡು ಊರಿಗೆಲ್ಲ ಹೇಳಿದ್ರಿ," ಎಂದಳು ಬಿಕ್ಕುತ್ತ, "ನನ್ನೊಬ್ಬಳನ್ನ ಬಿಟ್ಟು!"

"ಹೆದರಿಕೆ ಆಯ್ತು."

"ಈಗ ಓದಿದೆನಲ್ಲ... ಹೇಳಿ. ದಾಕ್ಷಿಣ್ಯಕ್ಕೆ ಓದಿದೆನಾ?"

ಅವನು ಗಡ್ಡ ಕೆರೆದುಕೊಂಡ. "ಗೊತ್ತಾಗಲಿಲ್ಲ ಮೇಡಂ. ಜೀವ ಬಾಯಿಗೆ ಬಂದುಬಿಟ್ಟಿತ್ತು, ಕಿವಿ ಕೇಳಲೇ ಇಲ್ಲ. ಬಾಯಲ್ಲೇ ಹೇಳಿಬಿಡಿ."

"ಒಂದು ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಟ್ಟು ಊಟ ನಿದ್ದೆ ಬಿಟ್ಟಿದೀನಿ. ಇನ್ನೂ ಬಿಡಿಸಿ ಹೇಳಬೇಕಾ? ಇಷ್ಟ... ಬಹಳ ಇಷ್ಟ. ಸಾಕಾ?"

ಅವನ ಮುಖದಲ್ಲಿ ನಗು ಮೆಲ್ಲಗೆ ಹರಡಿತು. "ಬೇರೆ ಸ್ಟುಡಿಯೋ?"

"ಕರೆದಿದ್ದು ನಿಜ. ಹೋಗ್ತೀನಿ ಅಂತ ಅವರಿಗೆ ಹೇಳಿಲ್ಲ."

"ಇವತ್ತೇ ಅವಳನ್ನ ತೆಗೆದುಹಾಕ್ತೀನಿ."

"ಬೇಡ, ಇರಲಿ ಪಾಪ. ಕಣ್ಣು ಕಾಣದವರು ಯಾರಾದ್ರೂ ಕೇಳ್ತಿರಬಹುದು." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಆದ್ರೆ ನನ್ನ ಬಗ್ಗೆ ಬರೆದಿದ್ದನ್ನ ಮಾತ್ರ ಅವಳೂ ಓದಬಾರದು, ನಾನೂ ಓದಲ್ಲ. ನೀವೇ ಓದಿ ಹೇಳಬೇಕು."

"ನಾನಾ? ನನ್ನ ದನಿ ಕಾಗೆ ದನಿ."

"ಕೇಳೋಳು ನಾನು ತಾನೇ?"

ಅವನು ಅವಳ ಕೈಯಿಂದ ಮೊಬೈಲ್ ತೆಗೆದುಕೊಂಡ. ಅವಳು ಕುರ್ಚಿಯಲ್ಲಿ ಒಂದಿಷ್ಟು ಸರಿದು, ಅವನಿಗೆ ಜಾಗ ಬಿಟ್ಟಳು.