ಔರಾದದಿಂದ ಅಂಕೋಲೆಗೆ ಐವತ್ತು ನಿಮಿಷ

ಔರಾದದ ಓಡುದಾರಿಯ ಕಾಲುಭಾಗವನ್ನೂ ಬಳಸದೆ ಹನ್ನೆರಡು ಸೀಟಿನ ವಿಮಾನ ಮೇಲೆದ್ದಿತು. ಕಿಟಕಿಯ ಪಕ್ಕ ಕೂತಿದ್ದ ಡಾ. ಇಂದುಮತಿ ಮಠಪತಿಯ ಕಣ್ಣು ರೆಕ್ಕೆಯ ಮೇಲೇ ಇತ್ತು. ಅದು ಅವಳ ಹದಿನೆಂಟು ವರ್ಷಗಳ ದುಡಿಮೆ. ರೆಕ್ಕೆಯ ಹೊದಿಕೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಲಕ್ಷಗಟ್ಟಲೆ ಇದ್ದವು. ಮೈಗೆ ಅಂಟಿಕೊಂಡು ವಿಮಾನವನ್ನು ಹಿಂದಕ್ಕೆ ಜಗ್ಗುವ ಗಾಳಿಯ ತೆಳುಪದರವನ್ನು ಅವು ಒಳಗೆ ಹೀರಿಕೊಳ್ಳುತ್ತಿದ್ದವು. ಹಾಗಾಗಿ ಸಣ್ಣ ಬಯಲಿದ್ದರೂ ಸಾಕು, ವಿಮಾನ ಇಳಿಯುತ್ತಿತ್ತು. ಮೇಲೇರಿದರೆ ದೊಡ್ಡ ವಿಮಾನಗಳ ವೇಗಕ್ಕೆ ಹತ್ತಿರ ಹೋಗುತ್ತಿತ್ತು. ಬೀದರ್ ಜಿಲ್ಲೆಯ ತುದಿಯ ಔರಾದದಿಂದ ಕಡಲತೀರದ ಅಂಕೋಲೆಗೆ ಆಕಾಶಮಾರ್ಗದಲ್ಲಿ ಐನೂರ ಇಪ್ಪತ್ತು ಕಿಲೋಮೀಟರ್. ಬಸ್ಸಿನಲ್ಲಿ ಹದಿನಾಲ್ಕು ಗಂಟೆ ಹಿಡಿಯುತ್ತಿದ್ದ ಪ್ರಯಾಣ 2061ರ ಹೊತ್ತಿಗೆ ಐವತ್ತು ನಿಮಿಷಕ್ಕೆ ಇಳಿದಿತ್ತು.

ಪಕ್ಕದ ಸೀಟಿನವಳು ಭಾಗೀರಥಿ, ಔರಾದದ ಹತ್ತಿರದ ಹಳ್ಳಿಯೊಂದರ ಆರೋಗ್ಯ ಕೇಂದ್ರದ ನರ್ಸು. ಇಂದುಮತಿ ತಾನು ಯಾರೆಂದು ಹೇಳಿಕೊಂಡು, ಹೆಮ್ಮೆಯಿಂದಲೇ ಕೇಳಿದಳು: "ಈ ವಿಮಾನದಿಂದ ಅನುಕೂಲ ಆಗ್ಯದಲ್ರಿ?"

"ಆಗ್ಯದ್ರಿ ಮೇಡಂ. ನಮ್ಮ ಮನೆಯವ್ರು ಅಂಕೋಲಾ ಕಡೆ ಒಂದು ಹಳ್ಳಿ ಸಾಲ್ಯಾಗ ಮಾಸ್ತರ್ ಇದ್ದಾರ. ಮಗಳು ಅವ್ರ ಹತ್ರಾನೇ. ತಿಂಗಳಿಗೆ ಎರಡು ಸಲ ಹೋಗಿ ಬರ್ತೀನಿ." ಭಾಗೀರಥಿ ಕೊಂಚ ತಡೆದಳು. "ಗಂಡ ಹೆಂಡ್ತಿ ಒಂದೇ ಕಡೆ ಇರ್ಲಿ ಅಂತ ವರ್ಗಾವಣಿ ಕೇಳಿದ್ದೆ. ಮೊದ್ಲ ಹಂಗ ಕೊಡ್ತಿದ್ರು. ಈಗ ಐವತ್ತೇ ನಿಮಿಷದ ಹಾದಿ, ಒಂದೇ ಊರಾಗ ಇದ್ದಂಗ ಅಂತ ಸುತ್ತೋಲಿ ಹೊರಡಿಸ್ಯಾರ. ಅದನ್ನ ತೋರಿಸಿ ಅರ್ಜಿ ವಾಪಸ್ ಕಳಿಸ್ಯಾರ."

ಇಂದುಮತಿ ಮತ್ತೆ ರೆಕ್ಕೆಯ ಕಡೆ ತಿರುಗಿದಳು.

"ನಿಮ್ದೇನು ತಪ್ಪದ್ರಿ ಇದ್ರಾಗ," ಎಂದು ಭಾಗೀರಥಿಯೇ ಸಮಾಧಾನ ಹೇಳಿದಳು.

ಅಂಕೋಲೆಯಲ್ಲಿ ಇಂದುಮತಿಗಾಗಿ ಕಾರು ಕಾದಿತ್ತು, ಸಭೆಯೂ ಇತ್ತು. ಮನೆಯತನಕದ ಹಾದಿ ನಿಜಕ್ಕೂ ಎಷ್ಟು ಹೊತ್ತಿನದೆಂದು ನೋಡಲು ಅವಳು ಎರಡನ್ನೂ ಬಿಟ್ಟು ಭಾಗೀರಥಿಯ ಜೊತೆ ಬಸ್ಸು ಹತ್ತಿದಳು. ದಾರಿಯಲ್ಲಿ ಉಳಿದದ್ದು ತಿಳಿಯಿತು. ಭಾಗೀರಥಿ ಕೇಂದ್ರ ಬಿಟ್ಟಿದ್ದು ನಸುಕಿನ ಐದಕ್ಕೆ. ಟೆಂಪೊದಲ್ಲಿ ಔರಾದಕ್ಕೆ ಬಂದು, ಸೀಟು ಸಿಗುವವರೆಗೆ ಹತ್ತು ಗಂಟೆತನಕ ಕಾದಿದ್ದಳು. ಬಸ್ಸಿಳಿದ ಮೇಲೆ ಮೂರು ಕಿಲೋಮೀಟರ್ ನಡಿಗೆ. ಮನೆ ಮುಟ್ಟಿದಾಗ ಮಧ್ಯಾಹ್ನ ಒಂದು. ಒಟ್ಟು ಎಂಟು ಗಂಟೆ.

ನಾಲ್ಕು ವರ್ಷದ ಮಗಳು ಬಾಗಿಲಲ್ಲೇ ನಿಂತಿದ್ದಳು. ಓಡಿ ಬರಲಿಲ್ಲ. "ಅವ್ವಾ, ಯಾವಾಗ ಹೋಗ್ತಿ?" ಎಂದು ಅಲ್ಲಿಂದಲೇ ಕೇಳಿದಳು.

ಆ ಸಂಜೆಯೇ ಇಂದುಮತಿ ಆರೋಗ್ಯ ಇಲಾಖೆಗೆ ಪತ್ರ ಬರೆದಳು. ಐವತ್ತು ನಿಮಿಷ ಎಂಬುದು ಎರಡು ವಿಮಾನ ನಿಲ್ದಾಣಗಳ ನಡುವಿನ ಹೊತ್ತು, ಎರಡು ಮನೆಗಳ ನಡುವಿನದಲ್ಲ. ಇದನ್ನು ನಾನೇ ಅಳೆದು ನೋಡಿದ್ದೇನೆ ಎಂದು ವಿವರವಾಗಿ ತಿಳಿಸಿದಳು. ಮೂರು ತಿಂಗಳ ಮೇಲೆ 'ವಿಶೇಷ ಪ್ರಕರಣವೆಂದು ಪರಿಗಣಿಸಿ' ಭಾಗೀರಥಿಗೆ ಅಂಕೋಲೆಯ ಕಡೆಗೆ ವರ್ಗವಾಯಿತು. ಆದರೆ ಸುತ್ತೋಲೆ ಹಾಗೇ ಉಳಿಯಿತು. ಭಾಗೀರಥಿಯ ವರ್ಗಾವಣೆಯ ಸುದ್ದಿ ಕೇಳಿದವರೆಲ್ಲ ತಮ್ಮ ತಮ್ಮ ಅರ್ಜಿ ಹಿಡಿದು ಇಂದುಮತಿಗೆ ಬರೆಯತೊಡಗಿದರು.

ಮರುವರ್ಷ ಬೆಂಗಳೂರಿನ ಪ್ರಯೋಗಾಲಯದಲ್ಲಿ ಸಹೋದ್ಯೋಗಿ ನವಾಜ್ ಹೊಸ ಹೊದಿಕೆಯ ಲೆಕ್ಕಾಚಾರ ತೋರಿಸಿದ. "ಐವತ್ತು ನಿಮಿಷ ಮೂವತ್ತೈದಕ್ಕೆ ಇಳಿಯುತ್ತೆ ಮೇಡಂ."

"ಉಳಿದ ಹದಿನೈದು ನಿಮಿಷ ಯಾರಿಗೆ ಸಿಗ್ತಾವ, ನವಾಜ್?"

ತಮಾಷೆಯೆಂದುಕೊಂಡು ನವಾಜ್ ನಕ್ಕ. ಅವಳು ನಗದಿದ್ದುದನ್ನು ಕಂಡು ಪರದೆಯ ಕಡೆ ತಿರುಗಿದ. ವೇಗಕ್ಕೆ, ತೂಕಕ್ಕೆ, ಇಂಧನಕ್ಕೆ ಅಲ್ಲಿ ಒಂದೊಂದು ಅಂಕಣವಿತ್ತು. ಉಳಿಸಿದ ಹೊತ್ತು ಯಾರಿಗೆ ಸಿಗುತ್ತದೆ ಎಂಬುದಕ್ಕೆ ಇರಲಿಲ್ಲ.

"ಒಂದು ಸೇರಿಸ್ರಿ," ಎಂದಳು ಇಂದುಮತಿ. "ಅದು ತುಂಬೋತನಕ ರೆಕ್ಕಿ ಮುಟ್ಟೋದು ಬ್ಯಾಡ."