ಸೂಜಿ ಮಾಮನ ಸಿರಿಂಜು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆರೋಗ್ಯಾಧಿಕಾರಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಹಳೇ ಗಿರಣಿಯ ಹಿಂದಿನ ಒಂದೇ ಬೀದಿಯಲ್ಲಿ ಹನ್ನೊಂದು ಮಂದಿಗೆ ಹೆಪಟೈಟಿಸ್ ಸಿ ಪತ್ತೆಯಾಗಿತ್ತು. ಅವರಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿಗೆ ಯಕೃತ್ತು ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು.

"ಕುಡಿಯೋ ನೀರಿಂದ ಬಂದಿರಬಹುದಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ. ಇದು ರಕ್ತದಿಂದ ರಕ್ತಕ್ಕೆ ಹೋಗೋದು. ಒಂದೇ ತಟ್ಟೇಲಿ ಉಂಡರೂ ಬರಲ್ಲ. ಎಲ್ಲರೂ ಒಬ್ಬರ ಹತ್ರಾನೇ ಇಂಜೆಕ್ಷನ್ ತಗೊಂಡಿದಾರೆ. ಯಾರು ಅಂತ ಮಾತ್ರ ಬಾಯಿ ಬಿಡ್ತಿಲ್ಲ."

ಇನ್‌ಸ್ಪೆಕ್ಟರಿಗೆ ಕೇಳಬೇಕಾಗಿರಲಿಲ್ಲ. ಅವರು ಬೆಳೆದದ್ದು ಅದೇ ಬೀದಿಯಲ್ಲಿ; ಅಲ್ಲಿ ಸೂಜಿ ಹಾಕುವವನು ಸೂಜಿ ಮಾಮ ಒಬ್ಬನೇ. ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೆಬಲ್ ಜೊತೆ ಮೊದಲು ಹೊಲಿಗೆಯವಳ ಮನೆಗೆ ಹೋದರು.

"ನನ್ನ ಮಗನ ಜ್ವರ ಇಳಿಸಿದ ಕೈ ಅದು. ಅವರ ಮೇಲೆ ನಾನು ಹೇಳ್ಬೇಕಾ?"

"ಅಕ್ಕ, ಇದು ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಕೂತಿರತ್ತಂತೆ," ಎಂದಳು ಕಾನ್‌ಸ್ಟೆಬಲ್. "ಇನ್ನೂ ಯಾರ್ಯಾರಿಗೆ ಚುಚ್ಚಿದಾರೋ, ಅವರಿಗೂ ಹೊಟ್ಟೆ ಊದೋವರೆಗೆ ಕಾಯೋದಾ?"

ಹೊಲಿಗೆಯವಳು ಹೇಳಿಕೆಗೆ ಸಹಿ ಹಾಕಿದಳು.

ಸೂಜಿ ಮಾಮ ಹಿಂದೆ ಬೀದಿಯ ವೈದ್ಯರ ಹತ್ತಿರ ಕಾಂಪೌಂಡರ್ ಆಗಿದ್ದ; ಅವರು ಬರೆದುಕೊಟ್ಟ ಇಂಜೆಕ್ಷನ್ ತನ್ನ ಮನೆಯಲ್ಲೇ ಹಾಕುತ್ತಿದ್ದ. ಅವನ ಮುಂದಿನ ಕೋಣೆಯಲ್ಲಿ ಈಗಲೂ ಅದೇ ಸ್ಪಿರಿಟ್ ವಾಸನೆ. ಚಿಕ್ಕಂದಿನ ಆ ಸ್ಟೌವಿನ ನೀಲಿ ಉರಿ, ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜು ಟಣಟಣ ಎನ್ನುತ್ತಿದ್ದದ್ದು, ಮಂಚದಡಿಯಿಂದ ಅಮ್ಮ ಕಾಲು ಹಿಡಿದು ಎಳೆಯುತ್ತಿದ್ದದ್ದು, ಅಳು ನಿಲ್ಲುವ ಮೊದಲೇ ಬಾಯಿಗೆ ಬೀಳುತ್ತಿದ್ದ ಪೆಪ್ಪರ್‌ಮಿಂಟು, ಎಲ್ಲ ಒಟ್ಟಿಗೆ ನೆನಪಾಗಿ ಇನ್‌ಸ್ಪೆಕ್ಟರ್ ಬಾಗಿಲಲ್ಲೇ ನಿಂತರು.

"ಏನೋ ಪುಟ್ಟ, ಹೊಟ್ಟೆ ನಿನಗಿಂತ ಮುಂಚೆ ಒಳಗೆ ಬಂತಲ್ಲೋ!"

ಕಾನ್‌ಸ್ಟೆಬಲ್ ತುಟಿ ಕಚ್ಚಿಕೊಂಡಳು.

"ಕೆಲಸದ ಮೇಲೆ ಬಂದಿದೀನಿ ಮಾಮ. ಸಿರಿಂಜು ತೋರಿಸು."

ಸ್ಟೀಲ್ ಡಬ್ಬಿಯಲ್ಲಿ ಒಡೆಯದ ಸೂಜಿ ಪೊಟ್ಟಣಗಳಿದ್ದವು. ಜೊತೆಗೆ ಒಂದೇ ಒಂದು ಪ್ಲಾಸ್ಟಿಕ್ ಸಿರಿಂಜು. ಅದರ ಮೇಲಿನ ಅಂಕಿಗಳು ಅಳಿಸಿಹೋಗಿದ್ದವು.

"ಒಬ್ಬೊಬ್ಬರಿಗೂ ಹೊಸ ಸೂಜಿ ಕಣೋ."

"ಸಿರಿಂಜು?"

"ಗಾಜಿಂದು ಕುದಿಸ್ತಿದ್ದೆ. ಇದನ್ನ ಕುದಿಸಿದ್ರೆ ಸೊಟ್ಟಗಾಗತ್ತೆ. ಮೈಯೊಳಗೆ ಹೋಗೋದು ಸೂಜಿ ತಾನೆ?"

"ರಕ್ತ ಸಿರಿಂಜಿಗೂ ಏರತ್ತೆ. ಅದೇ ಸಿರಿಂಜಿಂದ ಶೀಶೆಯ ಔಷಧಿ ಎಳೀತೀಯ. ಹೊಲಿಗೆ ಅಕ್ಕ ಆಸ್ಪತ್ರೆ ಸೇರೋ ಹಾಗಿದಾಳೆ ಮಾಮ."

ಮಾಮನ ಕೈ ಡಬ್ಬಿಯ ಮೇಲೆಯೇ ಉಳಿಯಿತು. ಪಂಚರ ಎದುರು ಪಂಚನಾಮೆ ಮುಗಿಸಿ, ಡಬ್ಬಿಗೆ ಮೊಹರು ಹಾಕಿ, ಮಧ್ಯಾಹ್ನ ಮೂರಕ್ಕೆ ಅವನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದ್ದು ಒಂದನ್ನೇ. "ಯಾರ್ಯಾರಿಗೆ ಚುಚ್ಚಿದೀಯ? ಈಗ ಮಾತ್ರೆ ಇದೆ. ಮೂರು ತಿಂಗಳು ನುಂಗಿದ್ರೆ ಹೆಚ್ಚಿನವರಿಗೆ ಪೂರ್ತಿ ವಾಸಿಯಾಗತ್ತೆ. ಆದ್ರೆ ಮೊದಲು ರಕ್ತ ಪರೀಕ್ಷೆ ಆಗ್ಬೇಕು."

ಮಾಮ ಕಣ್ಣು ಮುಚ್ಚಿ ಬೀದಿಯ ತುದಿಯಿಂದ ಮನಸ್ಸಿನಲ್ಲೇ ಮನೆಮನೆ ನಡೆದ. ಗಡಿಯಾರ ರಿಪೇರಿಯವನ ಕೆಮ್ಮು, ಬೇಕರಿಯವನ ಅತ್ತೆಯ ಮಂಡಿನೋವು, ಅವಳಿ ಮಕ್ಕಳ ಚಳಿಜ್ವರ. ಸಂಜೆಯಾದರೂ ಬೀದಿ ಮುಗಿದಿರಲಿಲ್ಲ.

"ನಿನಗೆ ಗಾಜಿನ ಸಿರಿಂಜಲ್ಲೇ ಹಾಕಿದ್ದು," ಎಂದ ಕೊನೆಗೆ. "ಆದ್ರೂ ಪರೀಕ್ಷೆ ಮಾಡಿಸ್ಕೋ ಪುಟ್ಟ. ಅವಸರದಲ್ಲಿ ಎಷ್ಟು ಹೊತ್ತು ಕುದಿಸಿದ್ನೋ."

ಯಾಕೆ ಮುಂದುವರಿಸಿದೆ ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಹೇಳಿಕೆಯಲ್ಲಿ ಹೀಗಿದೆ: ವೈದ್ಯರು ತೀರಿಕೊಂಡ ವಾರ ಸೂಜಿ ಹಾಕುವುದನ್ನು ನಿಲ್ಲಿಸುವವನಿದ್ದೆ. ಒಬ್ಬ ತಾಯಿ ಜ್ವರದ ಮಗುವನ್ನು ಎತ್ತಿಕೊಂಡು ಬಂದು ನನ್ನನ್ನು "ಡಾಕ್ಟ್ರೇ" ಎಂದಳು. ಅಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ.