ಪೂರ್ವದ ಮೆಟ್ಟಿಲು

ಮಣಿಕಟ್ಟಿನ ಪಟ್ಟಿ ಎರಡು ಸಲ ನಡುಗಿತು. ಹುಬ್ಬಳ್ಳಿಯ ನೆಲದಡಿಯ ನಿಲ್ದಾಣದಲ್ಲಿದ್ದವರೆಲ್ಲ ಒಟ್ಟಿಗೇ ಕೈ ನೋಡಿಕೊಂಡರು. ಎಲ್ಲೋ ಸುಟ್ಟ ವಾಸನೆ. ಪಟ್ಟಿಯ ಮೇಲಿನ ಬಾಣ ಪೂರ್ವದ ಮೆಟ್ಟಿಲನ್ನು ತೋರಿಸುತ್ತಿತ್ತು.

ಸುತ್ತಲಿನ ನೂಕುನುಗ್ಗಲನ್ನು ಅಳೆದು ಖಾಲಿ ದಾರಿ ತೋರಿಸುವ ಈ ಪಟ್ಟಿಯನ್ನು ಮಾಡಿದವಳು ನೀಲಾಂಬಿಕಾ ಹೊಸಮನಿ. ಊರಲ್ಲಿ ಕೆಲವರಷ್ಟೇ ಕಟ್ಟಿಕೊಂಡಿದ್ದಾಗ ಅದು ಒಮ್ಮೆಯೂ ತಪ್ಪಿರಲಿಲ್ಲ. ಈಗ ಎಲ್ಲರ ಕೈಯಲ್ಲೂ ಇತ್ತು.

ಮೇಲಿನ ನಿಯಂತ್ರಣ ಕೊಠಡಿಯಲ್ಲಿ ಅವಳ ಸಹಾಯಕ ಮೌಲಾಸಾಬ ಪರದೆಯತ್ತ ಬೆರಳು ಮಾಡಿದ. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ಚುಕ್ಕಿಗಳೆಲ್ಲ ಒಂದೇ ಕಡೆ ಹರಿಯುತ್ತಿದ್ದವು.

"ಮೇಡಂ, ಎಲ್ಲಾರೂ ಒಂದ ಮೆಟ್ಲಿಗೆ ನುಗ್ಗಾಕತ್ತಾರ್ರಿ! ಯಾವ ಪಟ್ಟಿ ಕೆಟ್ಟೈತಿ?"

"ಯಾವುದೂ ಕೆಟ್ಟಿಲ್ಲೋ. ಎಲ್ಲಾ ಖರೇನ ಹೇಳಾಕತ್ತಾವ. ಎಲ್ಲಾರಿಗೂ ಒಂದ ದಾರಿ, ಅದ ನನ್ನ ಅಂಜಿಕಿ."

ಸಂಕೀರ್ಣ ವ್ಯವಸ್ಥೆಯ ಗುಣವೇ ಅದು. ಬಿಡಿ ಬಿಡಿಯಾಗಿ ಯಾರಲ್ಲೂ ಇಲ್ಲದ ನಡತೆ ಎಲ್ಲರೂ ಸೇರಿದಾಗ ಹುಟ್ಟುತ್ತದೆ. ಅವಳ ಅಜ್ಜಿಯ ಕಾಲದ ಫೋನುಗಳೂ ಎಲ್ಲರಿಗೂ ಒಂದೇ ಖಾಲಿ ರಸ್ತೆಯನ್ನು ತೋರಿಸಿ ಅದನ್ನು ತುಂಬಿಸುತ್ತಿದ್ದವಂತೆ. ಆಗ ಹಾಳಾಗುತ್ತಿದ್ದುದು ಹೊತ್ತು ಮಾತ್ರ.

"ಬಂದ್ ಮಾಡ್ಲೇನ್ರಿ?"

"ಬ್ಯಾಡ, ದಾರಿ ಕಾಣದ ಇನ್ನೂ ಹೆದರ್ತಾರ. ಅರ್ಧ ಮಂದಿಗೆ ನಿಲ್ಲಾಕ ಹೇಳು. ಹೊಗಿ ಇನ್ನೂ ತೆಳ್ಳಗೈತಿ, ಎಲ್ಲಾರೂ ಹೊರಗ ಬರಾಕ ಹೊತ್ತೈತಿ."

"ಯಾವ ಅರ್ಧಾ?"

"ನಾವು ಆರಿಸೂದು ಬ್ಯಾಡ. ಚೀಟಿ ಎತ್ತಿದಂಗ ಯಂತ್ರನ ಎತ್ತಲಿ."

ಮೌಲಾಸಾಬನ ಬೆರಳು ಗುಂಡಿಯ ಮೇಲೆಯೇ ನಿಂತಿತು. "ನಿಮ್ಮ ಮಗಳು ಶಾಲ್ಮಲಾ ಕೆಳಗ ಅದಾಳ್ರಿ. ಆಕಿದೊಂದ ಪಟ್ಟಿ ಚೀಟಿಯಿಂದ ಹೊರಗ ಬಿಡಲ್ಯಾ? ಒಂದರಿಂದ ಏನೂ ಆಗಂಗಿಲ್ಲ."

ಒಂದರಿಂದ ಏನೂ ಆಗದೆಂದು ಅವಳಿಗೂ ಗೊತ್ತಿತ್ತು. "ಬ್ಯಾಡ," ಎಂದಳು. ದನಿ ತನ್ನದಲ್ಲವೆನಿಸಿತು.

ಅವನು ಗುಂಡಿ ಒತ್ತಿದ. ಚುಕ್ಕಿಗಳಲ್ಲಿ ಅರ್ಧ ನಿಂತವು. ಮೆಟ್ಟಿಲ ಬಳಿಯ ಗಂಟು ಮೆಲ್ಲಗೆ ಸಡಿಲವಾಯಿತು. ಮೌಲಾಸಾಬ ಉಸಿರು ಬಿಟ್ಟ.

ಅವಳ ಫೋನು ಬಡಿದುಕೊಂಡಿತು.

"ಅವ್ವಾ, ಬಾಜೂಕಿನವ್ರು ಹೊಂಟಾರ, ನಂಗ ನಿಲ್ಲು ಅಂತೈತಿ. ಹೊಗಿ ಬರಾಕತ್ತೈತಿ ಅವ್ವಾ. ನಿಲ್ಲಲೋ, ಓಡಲೋ?"

ಓಡು ಎನ್ನುವ ಮಾತು ಬಾಯಿಯವರೆಗೆ ಬಂತು. ಹಲ್ಲು ಕಚ್ಚಿದಳು.

"ನಿಲ್ಲು ಕೂಸ. ನಾ ನೋಡಾಕತ್ತೀನಿ. ನಿಲ್ಲು."

ಅದೇ ಗಳಿಗೆಯಲ್ಲಿ ಕೆಳಗಿನಿಂದ ಅದೆಷ್ಟು ಮಕ್ಕಳು ಅದೆಷ್ಟು ತಾಯಂದಿರಿಗೆ ಇದನ್ನೇ ಕೇಳಿ, ಓಡು ಎಂಬ ಉತ್ತರ ಪಡೆಯುತ್ತಿದ್ದರೋ. ನಿಂತಿದ್ದ ಒಂದು ಚುಕ್ಕಿ ಅಲುಗಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಸಾಲು ಸಾಲಾಗಿ ಎಲ್ಲವೂ ಮೆಟ್ಟಿಲಿನತ್ತ ಹೊರಟವು.

ಶಾಲ್ಮಲಾಳದೊಂದು ಮಾತ್ರ ಹೇಳಿದಲ್ಲಿಯೇ ನಿಂತಿತ್ತು.